ಹಿಂದಕ್ಕೆ ಹೋಗದ ವ್ಯಾನು

ಶಾಲೆಯ ವ್ಯಾನು ಓಡಿಸುವ ಮನುಷ್ಯನೊಬ್ಬ ಹೆಚ್ಚುಕಡಿಮೆ ಒಂದು ವರ್ಷ ರಿವರ್ಸ್ ಗೇರನ್ನು ಮುಟ್ಟದೆ ಕೆಲಸ ಮಾಡಿದ ಅಂದರೆ ಯಾರು ನಂಬುತ್ತಾರೆ? ನಂಬಬೇಡಿ, ಪರವಾಗಿಲ್ಲ. ಬೇರೆ ಡ್ರೈವರುಗಳಿಗೆ ಹೇಳಿದರೆ ಅವರೂ ನಂಬುವುದಿಲ್ಲ, ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆದರೆ ಈ ಮಹರಾಯ ಮಾಡಿದ. ಮಕ್ಕಳು ಅವನಿಗೆ ಮುಂದಣ್ಣ ಅಂತ ಹೆಸರಿಟ್ಟಿದ್ದವು. ಅಪ್ಪ ಅಮ್ಮ ಇಟ್ಟ ಹೆಸರನ್ನು ಕರೆಯುವವರೇ ಇರಲಿಲ್ಲ. ಹೆಂಡತಿಗಂತೂ ಅವನು ಮದುವೆಯಾದಾಗಿನಿಂದ ಬರೀ ‘ರೀ’.

ರಿವರ್ಸ್ ಹಾಕದೆ ಗಾಡಿ ಓಡಿಸುವುದು ಹುಡುಗಾಟವಲ್ಲ, ಅದಕ್ಕೂ ತಲೆ ಬೇಕು. ಯಾವ ಬೀದಿ ಎಲ್ಲಿ ಹೊರಬೀಳುತ್ತದೆ, ಯಾವ ಗಲ್ಲಿ ಮುಂದೆ ಹೋಗಿ ಗೋಡೆಗೆ ಮುಟ್ಟಿ ನಿಲ್ಲುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ಬೇರೆಯವರು ಗೇಟಿನ ಮುಂದೆ ಒಮ್ಮೆ ಹಿಂದೆಮುಂದೆ ಮಾಡಿ ಗಾಡಿ ತಿರುಗಿಸುವ ಕಡೆ ಇವನು ಮಾರುಕಟ್ಟೆ, ಬಸ್ ಡಿಪೋ, ಆಸ್ಪತ್ರೆಯ ಹಿಂಭಾಗ ಎಲ್ಲ ಸುತ್ತಿ ಬಳಸಿ ಬರುತ್ತಿದ್ದ. ಸಂಜೆ ನಿಲ್ಲಿಸುವಾಗ ವ್ಯಾನಿನ ಮೂತಿ ಯಾವಾಗಲೂ ರಸ್ತೆಯ ಕಡೆಗೆ. ಕಿರಿದಾದ ಬೀದಿಯಲ್ಲಿ ಎದುರಿಗೆ ಗಾಡಿ ಬಂತೋ, ಎಂಜಿನ್ ಆಫ್ ಮಾಡಿ ಕೈಕಟ್ಟಿ ಕೂತುಬಿಡುತ್ತಿದ್ದ. ಎದುರಿನವನು ಹಾರ್ನ್ ಹೊಡೆದು, ಕೂಗಾಡಿ, ಇವನ ಏಳು ತಲೆಮಾರನ್ನೂ ನೆನೆಸಿಕೊಂಡು, ಕೊನೆಗೆ ಸಾಕಾಗಿ ತಾನೇ ಹಿಂದೆ ಸರಿಯುತ್ತಿದ್ದ. ಎಂಥ ಜಂಬ ನೋಡು ಇವನಿಗೆ ಅಂತ ಜನ ಅಂದುಕೊಂಡರು. ಜಂಬವೂ ಇಲ್ಲ, ಮಣ್ಣೂ ಇಲ್ಲ. ಸ್ಟೀರಿಂಗಿನ ಕೆಳಗೆ ಅವನ ಮೊಣಕಾಲುಗಳು ಗಡಗಡ ನಡುಗುತ್ತಿದ್ದದ್ದು ಯಾರಿಗೂ ಕಾಣುತ್ತಿರಲಿಲ್ಲ, ಅಷ್ಟೇ.

ಆಗಿದ್ದಾದರೂ ಏನು? ಏನೂ ಆಗಿರಲಿಲ್ಲ, ಅದೇ ವಿಚಿತ್ರ. ಹಿಂದಿನ ವರ್ಷ ಒಂದು ದಿನ ಶಾಲೆಯ ಗೇಟಿನ ಹತ್ತಿರ ಕನ್ನಡಿ ನೋಡಿಕೊಂಡೇ ವ್ಯಾನನ್ನು ಹಿಂದಕ್ಕೆ ತೆಗೆಯುತ್ತಿದ್ದ. ಹಿಂದಿನ ಚಕ್ರ ಏನನ್ನೋ ಹತ್ತಿ ಇಳಿಯಿತು. ಅದರ ಬೆನ್ನಿಗೇ ಒಂದು ಪುಟ್ಟ ಹುಡುಗಿ ಕಿಟಾರನೆ ಕಿರುಚಿಕೊಂಡಳು. ಇವನು ಬಾಗಿಲು ತೆಗೆದು ಇಳಿದು ಹಿಂದಕ್ಕೆ ಓಡುವಷ್ಟರಲ್ಲಿ ನೋಡಬಾರದ್ದನ್ನೆಲ್ಲ ಮನಸ್ಸಿನಲ್ಲೇ ನೋಡಿ ಮುಗಿಸಿದ್ದ. ಚಕ್ರದ ಕೆಳಗಿದ್ದದ್ದು ಬ್ಯಾಗು. ಒಳಗಿನ ಊಟದ ಡಬ್ಬಿ ಅಪ್ಪಚ್ಚಿಯಾಗಿತ್ತು. ಹುಡುಗಿ ಪಕ್ಕದಲ್ಲಿ ನಿಂತು ಡಬ್ಬಿಗಾಗಿ ಅಳುತ್ತಿದ್ದಳು. ಬೆಟ್ಟದ ಹಾಗೆ ಬಂದದ್ದು ಮಂಜಿನ ಹಾಗೆ ಕರಗಿತಲ್ಲ, ದೇವರು ದೊಡ್ಡವನು ಅಂದರು ಎಲ್ಲರೂ. ಹುಡುಗಿಗೆ ಹೊಸ ಬ್ಯಾಗು ಬಂತು, ಅವಳು ಖುಷಿಯಿಂದ ಅದನ್ನು ಬಂದವರಿಗೆಲ್ಲ ತೋರಿಸಿದಳು. ಎಲ್ಲರಿಗೂ ಮರೆತುಹೋಯಿತು. ಇವನಿಗೆ ಮಾತ್ರ ಆ ಚಕ್ರ ಹತ್ತಿ ಇಳಿದದ್ದು ಸೊಂಟದಲ್ಲಿ, ಬೆನ್ನಿನಲ್ಲಿ ಹಾಗೇ ಉಳಿದುಕೊಂಡಿತು. ಮರುದಿನ ರಿವರ್ಸ್ ಹಾಕಲು ಹೋದರೆ ಕೈ ಗೇರಿನ ಗುಂಡಿನ ತನಕ ಹೋಗಿ ವಾಪಸ್ ಬಂತು. ನಾಳೆ ನೋಡೋಣ ಅಂದುಕೊಂಡ. ಆ ನಾಳೆ ಬರಲೇ ಇಲ್ಲ.

ಅವನು ದೇವಭಕ್ತ. ಫರ್ನಿಚರ್ ಅಂಗಡಿಯ ಮಹಡಿಯ ಮೇಲೆ ಬಾಡಿಗೆಯ ಹಾಲಿನಲ್ಲಿ ಅವರ ಕ್ರೈಸ್ತ ಸಭೆ ಸೇರುತ್ತಿತ್ತು. ಭಾನುವಾರ ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಜೋಡಿಸುವವನು ಅವನೇ, ಕೊನೆಗೆ ಒಂದರ ಮೇಲೊಂದು ಪೇರಿಸಿ ಹೋಗುವವನೂ ಅವನೇ. ದಿನಾ ಬೆಳಗ್ಗೆ ಸ್ಟೀರಿಂಗಿನ ಮೇಲೆ ಕೈಯಿಟ್ಟು ಒಂದು ಪ್ರಾರ್ಥನೆ ಮಾಡದೆ ಕೀ ತಿರುಗಿಸುತ್ತಿರಲಿಲ್ಲ. ಮೊದಲೆಲ್ಲ ಅದು ಉದ್ದದ ಪ್ರಾರ್ಥನೆ. ಮಕ್ಕಳಿಗೆ, ಅವರ ಅಪ್ಪ ಅಮ್ಮಂದಿರಿಗೆ, ಟೈರಿಗೆ, ಟ್ರಾಫಿಕ್ ಪೊಲೀಸಿನವನಿಗೆ, ಎಲ್ಲರಿಗೂ ಅದರಲ್ಲಿ ಪಾಲಿತ್ತು. ಈಗ ಸಣ್ಣದಾಗಿತ್ತು: ಕರ್ತನೇ, ಇವತ್ತೊಂದು ದಿನ ಹಿಂದಕ್ಕೆ ಹೋಗೋ ಪ್ರಸಂಗ ತರಬೇಡ.

ಸುತ್ತಿ ಬಳಸಿ ಹೋದರೆ ಡೀಸೆಲ್ ಕೇಳುತ್ತದಲ್ಲ. ಶಾಲೆಯ ಮ್ಯಾನೇಜರು ಒಂದು ದಿನ ಕರೆದು, ಏನಯ್ಯಾ, ಡೀಸೆಲ್ ಗಾಡಿ ಕುಡಿಯುತ್ತೋ ನೀನು ಕುಡೀತೀಯೋ ಅಂತ ಕೇಳಿದರು. ರಿವರ್ಸ್ ಹಾಕುವುದೇ ಇಲ್ಲವಂತೆ, ಯಾಕೆ? ಇವನು ಯೋಚಿಸಿದ. ನಿಜ ಹೇಳಿದರೆ ಹೆದರುಪುಕ್ಕಲನ ಕೈಗೆ ಯಾರು ಮಕ್ಕಳನ್ನು ಕೊಡುತ್ತಾರೆ? ಅಷ್ಟರಲ್ಲಿ ಅದೆಲ್ಲಿಂದ ಬಂತೋ ಆ ಮಾತು, ನಾಲಿಗೆಯ ಮೇಲೆ ರೆಡಿಯಾಗಿ ಕೂತಿತ್ತು. ದೇವರ ದಾರಿಯಲ್ಲಿ ಹೊರಟವನು ಹಿಂದಕ್ಕೆ ನೋಡಬಾರದು ಸರ್, ಹಿಂದೆ ತಿರುಗಿ ನೋಡಿ ಉಪ್ಪಿನ ಕಂಬವಾದ ಹೆಂಗಸಿನ ಕಥೆ ನಮ್ಮ ಬೈಬಲಿನಲ್ಲಿದೆ ಅಂದು ಹಲ್ಲು ಬಿಟ್ಟ. ಮ್ಯಾನೇಜರೂ ನಕ್ಕರು. ಭಾರಿ ಭಕ್ತ ಕಣಯ್ಯ ನೀನು ಅಂದು ಕಳಿಸಿಬಿಟ್ಟರು. ಅಬ್ಬಾ, ಬಚಾವಾದೆ ಅಂದುಕೊಂಡು ಮೆಟ್ಟಿಲಿಳಿದ.

ಎಲ್ಲಿಯ ಬಚಾವು? ಅದೇ ಕೋಣೆಯಲ್ಲಿ ಟೈಪ್ ಮಾಡುತ್ತಿದ್ದ ಹೆಣ್ಣುಮಗಳು ಅದೇ ಸಭೆಯವಳು. ಮಾತು ಅವಳಿಂದ ಪಾಸ್ಟರ ಕಿವಿಗೆ ಹೋಯಿತು. ಪಾಸ್ಟರು ಹೊಸಬರು, ಹುರುಪಿನವರು, ಪ್ರಸಂಗಕ್ಕೆ ಒಂದು ಉದಾಹರಣೆ ಸಿಕ್ಕರೆ ಹಬ್ಬ ಅವರಿಗೆ. ಮುಂದಿನ ಭಾನುವಾರ ಅವನ ಕಡೆ ಬೆರಳು ತೋರಿಸಿ, ನೋಡಿ, ನಮ್ಮ ಮಧ್ಯದಲ್ಲೇ ಒಬ್ಬ ಸಹೋದರ ಇದ್ದಾರೆ, ಹಿಂದಕ್ಕೆ ಹೋಗುವ ಗೇರನ್ನೇ ಬಿಟ್ಟಿದ್ದಾರೆ, ನಾವೂ ಹಾಗೆ ಬದುಕಬೇಕು ಅಂತ ಬೋಧಿಸಿದರು. ಎಲ್ಲರೂ ತಿರುಗಿ ನೋಡಿದರು. ಇವನಿಗೆ ಕುರ್ಚಿಯ ಕೆಳಗೆ ನುಸುಳಿಕೊಂಡುಬಿಡೋಣ ಅನ್ನಿಸಿತು. ಸುಳ್ಳು ಅಂತ ಅಲ್ಲೇ ಎದ್ದು ಹೇಳಬಹುದಿತ್ತು. ಹೇಳಲಿಲ್ಲ. ಅದರ ಮುಂದಿನ ವಾರ, ದೇವರು ತಮಗೆ ಮಾಡಿದ್ದನ್ನು ಎಲ್ಲರೆದುರು ಸಾಕ್ಷಿ ಹೇಳಲು ಮೈಕು ಕೈಗೆ ಬಂದಾಗಲೂ ಹೇಳಲಿಲ್ಲ. ಹೌದು, ನಾನು ಹಿಂದೆ ನೋಡುವವನಲ್ಲ, ಕರ್ತನು ಮುಂದೆ ನಡೆಯುತ್ತಾನೆ, ನಾನು ಹಿಂಬಾಲಿಸುತ್ತೇನೆ ಅಂತ ಏನೇನೋ ಒದರಿದ. ಇಡೀ ಹಾಲ್ ಆಮೆನ್ ಅಂದಿತು.

ಒಬ್ಬರು ಮಾತ್ರ ಅನ್ನಲಿಲ್ಲ. ಆಯಮ್ಮ. ವ್ಯಾನಿನ ಹಿಂಬಾಗಿಲ ಪಕ್ಕದ ಸೀಟಿನಲ್ಲಿ ಕೂತು ಮಕ್ಕಳನ್ನು ಹತ್ತಿಸುವ, ಇಳಿಸುವ, ಮೂಗು ಒರೆಸುವ ಮುದುಕಿ, ಅವರೂ ಅದೇ ಸಭೆ. ಅವನು ಮೈಕು ಹಿಡಿದಿದ್ದಷ್ಟು ಹೊತ್ತೂ ಅವರು ತಲೆ ಬಗ್ಗಿಸಿಕೊಂಡು ಕೈಚೀಲದಲ್ಲಿ ಕನ್ನಡಕ ಹುಡುಕುತ್ತಿದ್ದರು. ಕನ್ನಡಕ ಮೂಗಿನ ಮೇಲೇ ಇತ್ತು.

ಅಲ್ಲಿಂದ ಅವನಿಗೆ ಎರಡು ಭಯ. ಚಕ್ರದ ಭಯ ಒಂದು, ಈಗ ದೇವರ ಭಯ ಇನ್ನೊಂದು. ದೇವರ ಹೆಸರು ಹೇಳಿಕೊಂಡು ಸುಳ್ಳಾಡಿದ ಬಾಯಲ್ಲಿ ಪ್ರಾರ್ಥನೆ ಹೇಗೆ ಬಂದೀತು? ಬೆಳಗ್ಗೆ ಸ್ಟೀರಿಂಗಿನ ಮೇಲೆ ಕೈಯಿಟ್ಟು, ಪ್ರಾರ್ಥಿಸದೆಯೇ ಕೀ ತಿರುಗಿಸತೊಡಗಿದ. ಹಿಂದಿನ ಗಾಡಿಯ ಹಾರ್ನಿಗೆ ಬೆಚ್ಚುತ್ತಿದ್ದ. ಮಕ್ಕಳು ಇಳಿದ ಮೇಲೆ ವ್ಯಾನಿನ ಅಡಿಯಲ್ಲಿ ಬಗ್ಗಿ ನೋಡುತ್ತಿದ್ದ, ಎರಡು ಹೆಜ್ಜೆ ನಡೆದು ಮತ್ತೆ ಬಂದು ನೋಡುತ್ತಿದ್ದ. ಊಟ ಸೇರುತ್ತಿರಲಿಲ್ಲ.

ಹೆಂಡತಿ ಬಟ್ಟೆ ಕಾರ್ಖಾನೆಯಲ್ಲಿ ಶರ್ಟುಗಳಿಗೆ ಕಾಜಾ ಹಾಕುವವಳು. ದಿನವಿಡೀ ಸೂಜಿಯ ಮೊನೆ ನೋಡಿ ನೋಡಿ ಅವಳ ಕಣ್ಣಿಗೆ ಸಣ್ಣದೂ ತಪ್ಪುತ್ತಿರಲಿಲ್ಲ. ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನು ಮೂರ್ನಾಲ್ಕು ದಿನ ಅವಳ ತಲೆಗೇ ಕಟ್ಟಿದ್ದನ್ನು ನೋಡಿ ಕೇಳಿಯೇ ಬಿಟ್ಟಳು.

“ಏನ್ರೀ, ದೇವರ ಹತ್ರ ಮಾತು ಬಿಟ್ಟಿದ್ದೀರಾ?”

ಅವನು ತಟ್ಟೆ ಪಕ್ಕಕ್ಕೆ ಸರಿಸಿದ. ಆಮೇಲೆ ನಿಧಾನವಾಗಿ ಎಲ್ಲ ಹೇಳಿದ. ಬ್ಯಾಗಿನ ವಿಷಯ ಅವಳಿಗೆ ಗೊತ್ತಿತ್ತು. ಅದು ಇನ್ನೂ ಅವನ ಮೈಯೊಳಗೆ ಕೂತಿದೆ ಅನ್ನುವುದು ಗೊತ್ತಿರಲಿಲ್ಲ. ಭಯ ಇದ್ದರೆ ಇದೆ ಅಂತ ಹೇಳಿಬಿಡೋದು ತಾನೇ, ದೇವರಿಗೇನು ಗೊತ್ತಾಗಲ್ವಾ ಅಂದಳು. ದೇವರಿಗೆ ಗೊತ್ತು ಕಣೇ, ಸಭೆಗೆ ಗೊತ್ತಿಲ್ಲ, ಅದೇ ಕಷ್ಟ ಅಂದ ಅವನು. ಅವಳಿಗೆ ನಗು ಬಂತು. ಅವನ ಮುಖ ನೋಡಿ ನುಂಗಿಕೊಂಡಳು.

ಅದೇ ವಾರ, ಒಂದು ಮಧ್ಯಾಹ್ನ, ಆಗಬಾರದ್ದು ಆಯಿತು. ಶಾಲೆ ಬಿಟ್ಟಿತ್ತು, ವ್ಯಾನು ಭರ್ತಿ ಮಕ್ಕಳು. ಅವನು ದಿನಾ ಹೋಗುವ ರಸ್ತೆಗೆ ಡ್ರಮ್ಮುಗಳನ್ನು ಅಡ್ಡ ಇಟ್ಟು ನೀರಿನ ಪೈಪು ಹಾಕುತ್ತಿದ್ದರು. ಮುಂದಿದ್ದ ಕಾರು, ಆಟೋ ಎಲ್ಲ ಹಿಂದಕ್ಕೆ ತೆಗೆದುಕೊಂಡು ಬೇರೆ ದಾರಿ ಹಿಡಿದವು. ಇವನಿಗೆ ಆ ಭಾಗ್ಯ ಎಲ್ಲಿದೆ? ಪಕ್ಕದಲ್ಲೊಂದು ಗಲ್ಲಿ ಕಾಣಿಸಿತು. ಅದು ಆ ಕಡೆ ಹೊರಬೀಳುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು. ಅದರೊಳಗೆ ನುಗ್ಗಿಸಿದ. ಗಲ್ಲಿ ಒಂದು ಕಡೆ ಬಾಗಿತ್ತು. ಬಾಗಿದ ಕಡೆ ತಿರುಗಿದರೆ ಮುಂದೆ ದಾರಿಯೇ ಇಲ್ಲ. ಗೋಡೆಯಿಂದ ಗೋಡೆಗೆ ಅಡ್ಡಲಾಗಿ ಹಳ್ಳ ತೋಡಿದ್ದರು. ಬ್ರೇಕ್ ತುಳಿದ. ವ್ಯಾನು ಜಾರಿ ಹಸಿಮಣ್ಣಿನ ಅಂಚಿನಲ್ಲಿ ನಿಂತಿತು. ಮುಂಚಕ್ರದ ಕೆಳಗಿಂದ ಮಣ್ಣು ಬುಳಬುಳ ಅಂತ ಹಳ್ಳಕ್ಕೆ ಉದುರುವ ಸದ್ದು ಅವನಿಗೆ ಕೇಳಿಸಿತು.

ಹಳ್ಳದ ಆಚೆ ಜೆಸಿಬಿ ನಿಲ್ಲಿಸಿಕೊಂಡು ಅದರ ನೆರಳಿನಲ್ಲಿ ಊಟ ಮಾಡುತ್ತಿದ್ದ ಆಪರೇಟರು ಕೈ ತೊಳೆದುಕೊಂಡು ಹಲಗೆಯ ಮೇಲೆ ಈ ಕಡೆ ದಾಟಿ ಬಂದ. ಅಣ್ಣಾ, ಬೇಗ ಹಿಂದಕ್ಕೆ ತಗೊಳ್ಳಿ, ಅಂಚು ಕುಸೀತಾ ಇದೆ ಅಂದ. ಅತ್ತ ದರಿ, ಇತ್ತ ಪುಲಿ ಅನ್ನುತ್ತಾರಲ್ಲ, ಮುಂದಣ್ಣನಿಗೆ ದರಿ ಕಣ್ಣಿಗೇ ಕಾಣುತ್ತಿತ್ತು. ಪುಲಿ ಬೆನ್ನ ಹಿಂದೆ ಇತ್ತು. ಮಕ್ಕಳು ಒಳಗಿದ್ದರೆ ಹಳ್ಳದ ಭಯ, ಇಳಿಸಿದರೆ ಚಕ್ರದ ಭಯ. ಅವನು ಬ್ರೇಕ್ ತುಳಿದುಕೊಂಡೇ ಕೂತ, ಕಾಲು ಎತ್ತಲಿಲ್ಲ. ಆಯಮ್ಮ ಯಾರ ಅಪ್ಪಣೆಗೂ ಕಾಯಲಿಲ್ಲ. ಹಿಂಬಾಗಿಲು ತೆಗೆದು, ಗಲಾಟೆ ನೋಡಿ ಗೇಟಿಗೆ ಬಂದಿದ್ದ ಮನೆಯ ಹೆಂಗಸೊಬ್ಬರಿಗೆ ಒಂದು ಮಾತು ಹೇಳಿ, ಮಕ್ಕಳನ್ನು ಕೈಗೆ ಕೈ ಹಿಡಿಸಿ ಆ ಮನೆಯ ಕಾಂಪೌಂಡಿನೊಳಗೆ ಬಿಡತೊಡಗಿದರು.

ಮುಂದಣ್ಣ ಹ್ಯಾಂಡ್ ಬ್ರೇಕ್ ಎಳೆದು, ಜೆಸಿಬಿಯವನ ಕಡೆ ಬಗ್ಗಿ, ಯಾರಿಗೂ ಕೇಳದ ಹಾಗೆ ಕೇಳಿದ. ನೀವೇ ಒಂದ್ಸಲ ತೆಗೆದುಕೊಡ್ತೀರಾ? ಜೆಸಿಬಿಯವನಿಗೆ ಅದೊಂದು ದೊಡ್ಡ ವಿಷಯವೇ ಅಲ್ಲ. ದಿನವಿಡೀ ಹಿಂದೆಮುಂದೆ ಆಡಿಸುವುದೇ ಅವನ ಕಸುಬು. ಅಯ್ಯೋ, ಅದಕ್ಕೇನಂತೆ, ಇಳೀರಿ ಅಂದು ಹತ್ತಿ ಕೂತ. ಕೆಳಗಿಳಿದ ಮುಂದಣ್ಣನಿಗೆ ಜೀವ ಹಗುರವಾಯಿತು. ಹಾಗೆ ಹಗುರವಾದದ್ದಕ್ಕೆ ನಾಚಿಕೆಯೂ ಆಯಿತು. ತಲೆ ತಗ್ಗಿಸಿಕೊಂಡು ವ್ಯಾನಿನ ಹಿಂದಕ್ಕೆ ನಡೆದ.

ಹಿಂಬಾಗಿಲ ಕೆಳಗೆ ನೆಲದ ಮೇಲೆ ಕೊನೆಯ ಮಗು ಕೂತಿತ್ತು. ಬಿಚ್ಚಿಹೋದ ಬೂಟನ್ನು ಹಾಕಿಕೊಳ್ಳುತ್ತಿತ್ತು, ಅದಕ್ಕೆ ಲೋಕದ ಪರಿವೆಯೇ ಇಲ್ಲ. ಆಯಮ್ಮ ಗೇಟಿನ ಹತ್ತಿರ ಉಳಿದವರನ್ನು ಒಳಗೆ ಬಿಡುತ್ತಿದ್ದರು. ಆಗ ಎಂಜಿನ್ ಗುರ್ ಅಂತು. ರಿವರ್ಸಿನ ಬಿಳಿ ದೀಪ ಹತ್ತಿಕೊಂಡಿತು.

ಅವನಿಗೆ ಕೂಗಿದ್ದು ನೆನಪಿಲ್ಲ, ಕೂಗಿದನಂತೆ. ಮಗುವನ್ನು ರಟ್ಟೆ ಹಿಡಿದು ಎತ್ತಿ ಆಯಮ್ಮನ ಕಡೆ ನೂಕಿ, ವ್ಯಾನಿನ ಮೈಗೆ ಬಡಿಯುತ್ತಾ ಮುಂದಕ್ಕೆ ಓಡಿ, ಕಿಟಕಿಯೊಳಗೆ ಕೈ ಹಾಕಿ ಕೀ ಕಿತ್ತುಕೊಂಡ. ವ್ಯಾನು ಒಂದು ಗೇಣು ಹಿಂದೆ ಸರಿದು, ಮತ್ತೆ ಅಂಚಿನ ಕಡೆಗೇ ವಾಲಿ ನಿಂತಿತು. ಜೆಸಿಬಿಯವನ ಮುಖ ಬಿಳಿಚಿಕೊಂಡಿತ್ತು. ಕನ್ನಡಿಯಲ್ಲಿ ಯಾರೂ ಕಾಣಲಿಲ್ಲವಲ್ಲ ಅಣ್ಣಾ ಅಂದ. ಕಾಣುವುದಿಲ್ಲ. ಕೆಳಗೆ ಕೂತ ಮಗು ಕನ್ನಡಿಗೆ ಸಿಗುವುದಿಲ್ಲ. ಅವನ ಮೇಲೆ ಸಿಟ್ಟು ಬರಲಿಲ್ಲ ಮುಂದಣ್ಣನಿಗೆ. ತಾನೂ ಅವತ್ತು ಕನ್ನಡಿಯನ್ನೇ ನೋಡಿದ್ದೆನಲ್ಲ ಅನ್ನಿಸಿತು. ಇಳೀರಿ, ನಾನೇ ತೆಗೀತೀನಿ ಅಂದ.

ಸೀಟಿನಲ್ಲಿ ಕೂತ. ಕೈ ಗೇರಿನ ಗುಂಡಿನ ಮೇಲೆ ಹೋಗಲಿಲ್ಲ. ಇಳಿದು ಹಿಂದೆ ಹೋಗಿ ನೋಡಿದ, ಯಾರೂ ಇಲ್ಲ. ಬಂದು ಕೂತ. ಕೂತ ಕೂಡಲೇ ಈಗ ಯಾರಾದರೂ ಬಂದಿದ್ದರೆ ಅನ್ನಿಸಿತು. ಮತ್ತೆ ಇಳಿದ. ಅಂಚಿನಿಂದ ಒಂದು ಹೆಂಟೆ ಕಳಚಿ ಹಳ್ಳಕ್ಕೆ ಬಿತ್ತು. ಮೂರನೆಯ ಸಲ ಇಳಿದಾಗ ಆಯಮ್ಮ ಕಾಂಪೌಂಡಿನ ಚಿಲಕ ಹಾಕಿ ಬಂದು ವ್ಯಾನಿನ ಬೆನ್ನಿಗೆ ನಿಂತಿದ್ದರು, ಸರಿಯಾಗಿ ನಡುಮಧ್ಯದಲ್ಲಿ.

ಪಕ್ಕಕ್ಕೆ ಬನ್ನಿ ಆಯಮ್ಮ, ದಮ್ಮಯ್ಯ ಅಂದ ಅವನು. ಅವರು ಅಲುಗಾಡಲಿಲ್ಲ.

“ನಾನಿಲ್ಲಿ ನಿಂತ್ರೆ ಇನ್ಯಾರೂ ಇಲ್ಲಿ ನಿಲ್ಲೋಕಾಗಲ್ಲ, ಅಲ್ವೇನಪ್ಪಾ? ಲೋಕದ ಚಿಂತೆ ಎಲ್ಲ ನಿಂಗ್ಯಾಕೆ, ನನ್ನೊಬ್ಬಳನ್ನ ನೋಡ್ಕೋ ಸಾಕು. ತಟ್ತಾ ಇರ್ತೀನಿ. ತಟ್ಟೋದು ಕೇಳಿಸ್ತಾ ಇದ್ರೆ ಬಾ, ನಿಂತ್ರೆ ನಿಲ್ಲಿಸು.”

ನಿಮಗೇನಾದ್ರೂ ಆದ್ರೆ ಅಂತ ಅವನು ಶುರು ಮಾಡಿದ. ಆದ್ರೆ ಆಮೇಲೆ ನೋಡೋಣ, ಮೊದಲು ಹತ್ತು ಅಂದರು.

ಹತ್ತಿದ. ಪ್ರಾರ್ಥನೆ ಮಾಡಲು ಮುಖವಿರಲಿಲ್ಲ. ಆದರೂ ಮಾಡಿದ, ಇನ್ನೇನು ಮಾಡುತ್ತಾನೆ? ಕರ್ತನೇ, ನಿನ್ನ ಹೆಸರಲ್ಲಿ ಸುಳ್ಳು ಹೇಳಿದ್ದೀನಿ, ಬೈಯೋದಿದ್ರೆ ಆಮೇಲೆ ಕೂತು ಬೈ, ಈಗ ಹೋಗಿ ಆ ಮುದುಕಿ ಪಕ್ಕ ನಿಂತ್ಕೋ. ಕೀ ತಿರುಗಿಸಿ, ಕ್ಲಚ್ ತುಳಿದು ಗೇರು ಹಾಕಿದ. ಅಷ್ಟು ದಿನ ಮುಟ್ಟದ ಗೇರು ಕಿರ್ ಅಂತ ಕೊಸರಾಡಿ ಕೂತುಕೊಂಡಿತು. ಹಿಂದಿನಿಂದ ತಗಡಿನ ಮೇಲೆ ಅಂಗೈ ಬಡಿಯುವ ಸದ್ದು ಶುರುವಾಯಿತು. ಬರ್ಲಿ, ಬರ್ಲಿ, ಬರ್ಲಿ ಅಂತ ಆಯಮ್ಮನ ಗೊಗ್ಗರು ದನಿ. ಹ್ಯಾಂಡ್ ಬ್ರೇಕ್ ಬಿಟ್ಟ. ಚಕ್ರ ಮಣ್ಣಿನಲ್ಲಿ ಒಮ್ಮೆ ತಿರುಗಿ ಹಿಡಿತ ಕಂಡುಕೊಂಡಿತು. ವ್ಯಾನು ಹಳ್ಳದಿಂದ ಬಿಡಿಸಿಕೊಂಡು ಹಿಂದಕ್ಕೆ ಬಂತು.

ಅಲ್ಲಿಗೆ ಮುಗಿಯಲಿಲ್ಲ. ಗಲ್ಲಿಯ ಬಾಯಿಯ ತನಕ ಹಾಗೇ ಹೋಗಬೇಕಲ್ಲ. ಆಮೆಯೂ ನಾಚಬೇಕು, ಅಷ್ಟು ನಿಧಾನ. ಅವನ ಇಡೀ ಮೈ ಕಿವಿಯಾಗಿತ್ತು. ತಟ್ಟಿದ ಸದ್ದು ಕೇಳಿದಾಗ ಉಸಿರು ಬಿಡುತ್ತಿದ್ದ, ಮುಂದಿನ ಸದ್ದು ಬರುವ ತನಕ ಹಿಡಿದುಕೊಳ್ಳುತ್ತಿದ್ದ. ಗಲ್ಲಿ ಬಾಗುವ ಕಡೆ ಬಂತು. ಸ್ಟೀರಿಂಗು ತಿರುಗಿಸುತ್ತಿದ್ದ. ಬರ್ಲಿ, ಬರ್ಲಿ, ಬರ್...

ಸದ್ದು ನಿಂತಿತು.

ಬ್ರೇಕ್ ಮೇಲೆ ಕಾಲು ಯಾವಾಗ ಬಿತ್ತೋ ಅವನಿಗೇ ಗೊತ್ತಿಲ್ಲ. ಏನೂ ಹತ್ತಿ ಇಳಿಯಲಿಲ್ಲವಲ್ಲ, ಇಲ್ಲ ತಾನೇ, ಹತ್ತಿದ್ದು ತನಗೇ ತಿಳಿಯಲಿಲ್ಲವೋ? ಬಾಗಿಲು ತೆಗೆದು ಇಳಿದ. ವ್ಯಾನಿನ ಮೈ ಹಿಡಿದುಕೊಂಡು, ಒಂದೊಂದೇ ಕಿಟಕಿ ದಾಟಿ, ಹಿಂದಕ್ಕೆ ಹೋದ. ಆಯಮ್ಮ ವ್ಯಾನಿನಿಂದ ಒಂದು ಮೊಳ ದೂರದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು.

“ಚಪ್ಪಲಿ ಉಂಗುಷ್ಟ ಕಿತ್ತೋಯ್ತು ಕಣಪ್ಪ,” ಅಂದರು.

ಅವನು ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತುಬಿಟ್ಟ. ಹೆಂಗಸರು ಅತ್ತ ಹಾಗಲ್ಲ, ಮಕ್ಕಳು ಅತ್ತ ಹಾಗೆ, ಬಾಯಿ ಬಿಟ್ಟುಕೊಂಡು, ವರ್ಷದ ಅಳುವನ್ನೆಲ್ಲ ಒಟ್ಟಿಗೇ ಅತ್ತ. ಆಯಮ್ಮ ತಲೆ ಸವರಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕಿತ್ತ ಚಪ್ಪಲಿಯನ್ನು ಒಂದು ಕೈಯಲ್ಲಿ ಹಿಡಿದು ಕಾದರು. ಅಳು ಇಳಿದ ಮೇಲೆ, ಆಯ್ತಾ, ಮಕ್ಕಳು ಕಾಯ್ತಾ ಇದಾವೆ ಅಂದರು. ಬರಿಗಾಲಲ್ಲೇ ಎದ್ದು ನಿಂತು ಮತ್ತೆ ತಟ್ಟತೊಡಗಿದರು. ಅವನು ಮೂಗು ಒರೆಸಿಕೊಂಡು ಹತ್ತಿದ. ವ್ಯಾನು ಗಲ್ಲಿಯಿಂದ ಹೊರಬಿತ್ತು. ಮಕ್ಕಳು ವಾಪಸ್ ಹತ್ತಿದರು. ಮುಂದಣ್ಣ ಹಿಂದಣ್ಣ ಆದ ಅಂತ ಯಾವುದೋ ಒಂದು ಕೂಗಿ ಉಳಿದವೆಲ್ಲ ನಕ್ಕವು.

ಭಯ ಅವತ್ತೇ ಬಿಟ್ಟುಹೋಯಿತು ಅಂತ ಹೇಳಿದರೆ ಕಥೆ ಚೆನ್ನಾಗಿರುತ್ತಿತ್ತು. ಬಿಡಲಿಲ್ಲ. ಮರುದಿನ ಶಾಲೆಯ ಗೇಟಿನಲ್ಲಿ ರಿವರ್ಸ್ ಹಾಕಿದ, ನಿಜ. ಆದರೆ ಹಾಕುವ ಮುಂಚೆ ಮತ್ತೆ ಮತ್ತೆ ಇಳಿದು ನೋಡಿದ, ಹಾಕಿದ ಮೇಲೆ ಪಕ್ಕಕ್ಕೆ ಹೋಗಿ ವಾಂತಿ ಮಾಡಿದ. ಡೀಸೆಲ್ಲಿಗೆ ಬೈಯುತ್ತಿದ್ದ ಮ್ಯಾನೇಜರು ಈಗ ತಡವಾದದ್ದಕ್ಕೆ ಬೈದರು. ಅವನು ಅಲ್ಲೇ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮ್ಯಾನೇಜರು ಪೆನ್ನಿನ ಕ್ಯಾಪು ಮುಚ್ಚಿ, ಆಯ್ತು, ಇಳಿದೇ ನೋಡು, ಬೆಳಗ್ಗೆ ಬೇಗ ಹೊರಡು ಅಂದರು.

ಉಳಿದದ್ದು ಸಭೆ. ಭಾನುವಾರ ಎರಡು ನಿಮಿಷ ಕೊಡಿ ಅಂತ ಪಾಸ್ಟರನ್ನು ಕೇಳಿದ. ಇನ್ನೊಂದು ಸಾಕ್ಷಿ ಅಂದುಕೊಂಡು ಅವರು ಸಂತೋಷದಿಂದ ಮೈಕು ಕೊಟ್ಟರು. ರಿವರ್ಸ್ ಹಾಕದೆ ಇದ್ದದ್ದು ನಂಬಿಕೆಯಿಂದ ಅಲ್ಲ, ಹೆದರಿಕೆಯಿಂದ ಅಂದ. ಬ್ಯಾಗಿನ ವಿಷಯ ಹೇಳಿದ, ಹಳ್ಳದ ವಿಷಯ ಹೇಳಿದ, ಆಯಮ್ಮ ಹಿಂದೆ ನಿಂತದ್ದನ್ನೂ ಹೇಳಿದ. ಇವತ್ತಿಗೂ ಭಯ ಇದೆ, ನನಗೋಸ್ಕರ ಪ್ರಾರ್ಥಿಸಿ ಅಂದು ಮೈಕು ಇಟ್ಟ. ಯಾರೂ ಆಮೆನ್ ಅನ್ನಲಿಲ್ಲ. ಪಾಸ್ಟರು ಕೆಂಪಗಾಗಿ, ಕೇಳದೆ ವಿಚಾರಿಸದೆ ನಿಮ್ಮನ್ನು ಉದಾಹರಣೆ ಮಾಡಿದ್ದು ನನ್ನ ತಪ್ಪು ಅಂದರು, ಆಮೇಲೆ ತಾವೇ ಮೊಣಕಾಲೂರಿದರು. ಅವನು ಬಂದು ಕುರ್ಚಿಯಲ್ಲಿ ಕೂತ. ಹೆಂಡತಿ ಅವನ ಕೈಯನ್ನು ಎಳೆದುಕೊಂಡು ತನ್ನ ತೊಡೆಯ ಮೇಲಿಟ್ಟುಕೊಂಡಳು.

ಆರಾಧನೆ ಮುಗಿದ ಮೇಲೆ ಎಲ್ಲರೂ ಟೀ ಹಿಡಿದು ಅಲ್ಲಲ್ಲಿ ನಿಂತರು. ಅವನ ಹತ್ತಿರ ಯಾರೂ ಬರಲಿಲ್ಲ. ಏನು ಮಾತಾಡಬೇಕೋ ಅವರಿಗೂ ತಿಳಿಯದು, ಪಾಪ. ಅವನು ಹಿಂದಿನ ಸಾಲಿನಿಂದ ಕುರ್ಚಿ ಪೇರಿಸತೊಡಗಿದ. ಇನ್ನು ಈ ಜನ ತಮ್ಮ ಮಕ್ಕಳನ್ನು ನನ್ನ ಗಾಡಿ ಹತ್ತಿಸುತ್ತಾರೋ ಇಲ್ಲವೋ ಅನ್ನುವುದೊಂದೇ ಅವನ ತಲೆಯಲ್ಲಿ. ಕಿಟಕಿಯ ಹತ್ತಿರ ನಾಲ್ಕೈದು ಹೆಂಗಸರು ಆಯಮ್ಮನನ್ನು ಮುತ್ತಿಕೊಂಡಿದ್ದರು. ಅವರ ಮಕ್ಕಳೂ ಅದೇ ವ್ಯಾನಿನಲ್ಲಿ ಹೋಗುತ್ತಿದ್ದವು. ಅದರಲ್ಲೊಬ್ಬಳು ದನಿ ತಗ್ಗಿಸಿದೆ ಅಂದುಕೊಂಡು ಇಡೀ ಹಾಲಿಗೆ ಕೇಳುವ ಹಾಗೆ ಕೇಳಿದಳು.

“ಅಲ್ಲಾ ಆಯಮ್ಮ, ಅಷ್ಟು ಹೆದರಿಕೊಂಡಿರೋ ಮನುಷ್ಯನ ಗಾಡಿ ಹಿಂದೆ ಹೋಗಿ ನಿಂತ್ರಲ್ಲ, ನಿಮಗೆ ಜೀವದ ಮೇಲೆ ಆಸೆ ಇಲ್ವಾ?”

ಕುರ್ಚಿ ಹಿಡಿದಿದ್ದ ಅವನ ಕೈ ನಿಂತಿತು. ಆಯಮ್ಮ ಟೀ ಊದಿ ಊದಿ ಒಂದು ಗುಟುಕು ಕುಡಿದರು.

“ಹೆದರಿಕೆ ಇಲ್ಲದವನ ಗಾಡಿ ಹಿಂದೆ ನಾನು ನಿಲ್ತಿದ್ನಾ?”